84ನೇ ನಿಮಿಷದ ಮನುಷ್ಯ

ಜರ್ಮನಿಯ ಜನಕ್ಕೆ ಬಾಯಿಪಾಠವಾಗಿರುವ ಒಂದು ರೇಡಿಯೊ ವೀಕ್ಷಕ ವಿವರಣೆ ಇದೆ. 1954ರ ಜುಲೈ 4, ಭಾನುವಾರ ಸಂಜೆ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಿಂದ ಬಿತ್ತರವಾದದ್ದು. ವಿಶ್ವಕಪ್ ಫುಟ್‌ಬಾಲ್ ಫೈನಲ್. ಪಂದ್ಯ 2–2ರಲ್ಲಿ ನಿಂತಿದೆ, ಮುಗಿಯಲು ಇನ್ನು ಆರೇ ನಿಮಿಷ. ವಿವರಣೆಗಾರ ಹೆರ್ಬರ್ಟ್ ಜಿಮ್ಮರ್‌ಮನ್, ಹಿಂದಿನಿಂದ ರಾನ್ ಹೊಡೆಯಬೇಕು ಎನ್ನುತ್ತಾನೆ. ಮರುಕ್ಷಣವೇ ರಾನ್ ಹೊಡೆಯುತ್ತಾನೆ ಎನ್ನುತ್ತಾನೆ. ಆಮೇಲೆ ಗೋಲ್, ಗೋಲ್ ಎಂಬ ಕೂಗು. ನಂತರ ಮಾತೇ ಹೊರಡದೆ ಕೆಲವು ಕ್ಷಣ ಸುಮ್ಮನಾಗಿಬಿಡುತ್ತಾನೆ.

ಅಂದು ಹುಟ್ಟಿರದಿದ್ದ ಜರ್ಮನರೂ ಈ ಮಾತುಗಳನ್ನು ಅದೇ ಏರಿಳಿತದಲ್ಲಿ ಹೇಳಿ ತೋರಿಸಬಲ್ಲರು. ಫಾಸ್‌ಬಿಂಡರ್ ನಿರ್ದೇಶಿಸಿದ ‘ಮರಿಯಾ ಬ್ರೌನಳ ಮದುವೆ’ (1979) ಚಲನಚಿತ್ರದ ಕೊನೆಯ ದೃಶ್ಯದ ಹಿನ್ನೆಲೆಯಲ್ಲಿ ಕೇಳಿಬರುವುದು ಇದೇ ಧ್ವನಿ. ಯುದ್ಧಾನಂತರದ ಜರ್ಮನಿಯ ಕಥೆಯನ್ನು ಎಲ್ಲಿಗೆ ನಿಲ್ಲಿಸಬೇಕು ಎಂದು ಯೋಚಿಸಿದ ಆ ನಿರ್ದೇಶಕನಿಗೆ ಹೊಳೆದ ಗಡಿಯೂ ಆ ಪಂದ್ಯವೇ ಆಗಿತ್ತು.

ಅಂದು ಚೆಂಡನ್ನು ಹೊಡೆದ ರಾನ್ ಯಾರು? ಪಂದ್ಯದ ಕಥೆ ನೂರಾರು ಬಾರಿ ಹೇಳಿಸಿಕೊಂಡಿದೆ. ಆ ಮನುಷ್ಯನ ಕಥೆಯಾದರೋ ಸಾಮಾನ್ಯವಾಗಿ ಆ ಒಂದು ನಿಮಿಷಕ್ಕೇ ಮುಗಿದುಹೋಗುತ್ತದೆ. ಆತ ಅದಾದ ಮೇಲೆ 49 ವರ್ಷ ಬದುಕಿದ್ದ. ಒಂದು ದೇಶ ತನ್ನ ದೊಡ್ಡ ಆಸೆಯೊಂದನ್ನು ಒಬ್ಬ ಆಟಗಾರನ ಹೆಗಲ ಮೇಲೆ ಹೊರಿಸಿದರೆ ಆ ಹೆಗಲಿಗೆ ಏನಾಗುತ್ತದೆ ಎಂಬುದಕ್ಕೆ ಹೆಲ್ಮುಟ್ ರಾನ್‌ನ ಬದುಕು ಒಳ್ಳೆಯ ಉದಾಹರಣೆ.

ಕಲ್ಲಿದ್ದಲ ಕೇರಿಯ ಹುಡುಗ

ರಾನ್ ಹುಟ್ಟಿದ್ದು 1929ರ ಆಗಸ್ಟ್ 16ರಂದು, ಪಶ್ಚಿಮ ಜರ್ಮನಿಯ ರೂರ್ ಪ್ರದೇಶದ ಎಸ್ಸೆನ್ ನಗರದಲ್ಲಿ. ಕಲ್ಲಿದ್ದಲು ಮತ್ತು ಉಕ್ಕು, ಇವೆರಡೇ ಆ ಸೀಮೆಯ ಜೀವ. ಫಿರಂಗಿಗಳಿಗೆ ಹೆಸರಾದ ಕ್ರುಪ್ ಕಾರ್ಖಾನೆ ಇದ್ದದ್ದು ಈ ಎಸ್ಸೆನ್‌ನಲ್ಲಿಯೇ. ರಾನ್ ಬೆಳೆದ ಕಾಟರ್ನ್‌ಬರ್ಗ್ ಬಡಾವಣೆ ಗಣಿ ಕಾರ್ಮಿಕರದು. ಪಕ್ಕದಲ್ಲೇ ಜೋಲ್‌ವೆರೈನ್ ಗಣಿ. ಒಂದು ಕಾಲಕ್ಕೆ ಯುರೋಪಿನ ಅತಿ ದೊಡ್ಡ ಕಲ್ಲಿದ್ದಲ ಗಣಿಗಳಲ್ಲಿ ಒಂದು. 1986ರಲ್ಲಿ ಮುಚ್ಚಿದ ಆ ಗಣಿ 2001ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ರಾನ್‌ನ ಬಾಲ್ಯದಲ್ಲಿ ಅದು ಪರಂಪರೆಯಾಗಿರಲಿಲ್ಲ, ಹೊಟ್ಟೆಪಾಡಾಗಿತ್ತು.

ಆಯುಧ ಕಾರ್ಖಾನೆಗಳ ಊರಾದ್ದರಿಂದ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಬಾಂಬರ್ ವಿಮಾನಗಳು ಎಸ್ಸೆನ್ ಮೇಲೆ ಮತ್ತೆ ಮತ್ತೆ ಎರಗಿದವು. ಯುದ್ಧ ಮುಗಿದ 1945ರ ಮೇ ತಿಂಗಳಲ್ಲಿ ರಾನ್‌ಗೆ 15 ವರ್ಷ. ಸುತ್ತಲೂ ಕುಸಿದ ಗೋಡೆಗಳು, ಪಡಿತರದ ಸಾಲುಗಳು, ಸೆರೆ ಸಿಕ್ಕಿ ಮನೆಗೆ ಬಾರದ ಗಂಡಸರು. ಅಂಥ ದಿನಗಳಲ್ಲಿ ಹೆಚ್ಚು ಖರ್ಚಿಲ್ಲದೆ ಮೊದಲು ಚೇತರಿಸಿಕೊಂಡ ಸಂತೋಷವೆಂದರೆ ಫುಟ್‌ಬಾಲ್. ರೂರ್ ಪ್ರದೇಶದಲ್ಲಿ ಗಣಿಗೊಂದು, ಬಡಾವಣೆಗೊಂದು ಕ್ಲಬ್ ಇತ್ತು. ರಾನ್ ಹುಡುಗನಾಗಿದ್ದಾಗ ಆಲ್ಟನ್‌ಎಸ್ಸೆನ್‌ನ ಕ್ಲಬ್ಬಿನಲ್ಲಿ, ಬಳಿಕ ವೆಸ್ಟ್‌ಫಾಲಿಯದ ಓಲ್ಡೆ ಎಂಬ ಊರಿನ ಕ್ಲಬ್ಬಿನಲ್ಲಿ, 1950ರಲ್ಲಿ ತನ್ನ ಕೇರಿಯದೇ ಆದ ಕಾಟರ್ನ್‌ಬರ್ಗ್ ತಂಡದಲ್ಲಿ ಆಡಿದ. 1951ರಲ್ಲಿ ನಗರದ ದೊಡ್ಡ ಕ್ಲಬ್ ರೋಟ್ ವೈಸ್ ಎಸ್ಸೆನ್ ಸೇರಿದ. ಕೆಂಪು–ಬಿಳಿ ಎಂದು ಆ ಹೆಸರಿನ ಅರ್ಥ. ಅದೇ ವರ್ಷದ ನವೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ಟರ್ಕಿಯ ವಿರುದ್ಧ ರಾಷ್ಟ್ರೀಯ ತಂಡದ ಪರ ಮೊದಲ ಪಂದ್ಯ ಆಡಿದ.

ಗೆರೆಯ ಪಕ್ಕದ ಆಟಗಾರ

ಆ ಕಾಲದ ಫುಟ್‌ಬಾಲ್‌ನಲ್ಲಿ ಮುಂದಿನ ಸಾಲಿನಲ್ಲಿ ಐವರು ಇರುತ್ತಿದ್ದರು. ನಡುವೆ ಒಬ್ಬ, ಅವನ ಎರಡು ಬದಿಗೆ ಇಬ್ಬರು, ತೀರಾ ಅಂಚಿನಲ್ಲಿ ಗೆರೆಗೆ ಅಂಟಿಕೊಂಡಂತೆ ಇನ್ನಿಬ್ಬರು. ಈ ಅಂಚಿನವರೇ ವಿಂಗರ್‌ಗಳು. ನಮ್ಮಲ್ಲಿ ಹಾಕಿ ನೋಡಿದವರು ‘ರೈಟ್ ಔಟ್’, ‘ಲೆಫ್ಟ್ ಔಟ್’ ಎನ್ನುವ ಸ್ಥಾನಗಳೇ ಇವು. ಗೆರೆಯ ಪಕ್ಕದಲ್ಲೇ ಚೆಂಡನ್ನು ಒಯ್ದು, ಎದುರಾಳಿಯನ್ನು ದಾಟಿ, ಮೂಲೆಯ ಹತ್ತಿರದಿಂದ ನಡುವಿನವರಿಗೆ ಚೆಂಡು ಎತ್ತಿಕೊಡುವುದು ವಿಂಗರ್‌ನ ಕೆಲಸ. ಗೋಲು ಹೊಡೆದ ಹೆಸರು ಬೇರೆಯವರಿಗೆ.

ಬಲಬದಿಯಲ್ಲಿ ಆಡುತ್ತಿದ್ದ ರಾನ್ ಈ ಪಾಠಕ್ಕೆ ಪೂರ್ತಿ ಒಗ್ಗಿದವನಲ್ಲ. ಗಟ್ಟಿಮುಟ್ಟಾದ ಮೈಕಟ್ಟು, ಓಡಲು ಶುರುಮಾಡಿದರೆ ತಡೆಯುವುದು ಕಷ್ಟ. ಎಲ್ಲಕ್ಕಿಂತ ಹೆಚ್ಚಾಗಿ ಎರಡೂ ಕಾಲುಗಳಲ್ಲಿ ಭಾರಿ ಹೊಡೆತ. ಹೀಗಾಗಿ ಗೆರೆ ಬಿಟ್ಟು ಒಳಕ್ಕೆ ತಿರುಗಿ ತಾನೇ ಗೋಲಿಗೆ ಗುರಿಯಿಡುತ್ತಿದ್ದ. ಗುರಿ ತಪ್ಪಿದರೆ ಸ್ವಾರ್ಥಿ ಎಂಬ ಬೈಗುಳ, ತಾಗಿದರೆ ಜೈಕಾರ. ಎಸ್ಸೆನ್ ಜನ ಆತನಿಗೆ ಇಟ್ಟ ಅಡ್ಡಹೆಸರು ‘ಬಾಸ್’. 1953ರಲ್ಲಿ ರೋಟ್ ವೈಸ್ ಎಸ್ಸೆನ್ ತಂಡ ಆಲೆಮಾನಿಯಾ ಆಖೆನ್ ತಂಡವನ್ನು 2–1ರಿಂದ ಸೋಲಿಸಿ ಜರ್ಮನ್ ಕಪ್ ಗೆದ್ದಾಗ ಎರಡು ಗೋಲುಗಳಲ್ಲಿ ಒಂದು ರಾನ್‌ನದು.

ಇದೆಲ್ಲದರಿಂದ ಆತ ಶ್ರೀಮಂತನಾದ ಎಂದುಕೊಳ್ಳಬಾರದು. ಪಶ್ಚಿಮ ಜರ್ಮನಿಯಲ್ಲಿ ಆಗ ಪೂರ್ಣ ವೃತ್ತಿಪರ ಫುಟ್‌ಬಾಲ್ ಇರಲಿಲ್ಲ. ‘ಒಪ್ಪಂದದ ಆಟಗಾರ’ ಎಂಬ ನಡುದಾರಿಯ ವ್ಯವಸ್ಥೆಯಲ್ಲಿ ತಿಂಗಳ ಸಂಬಳಕ್ಕೆ 320 ಮಾರ್ಕಿನ ಮಿತಿ ಹಾಕಲಾಗಿತ್ತು. ಅಂಗಡಿ, ಕಾರ್ಖಾನೆ, ಕಚೇರಿಗಳಲ್ಲಿ ದುಡಿಯುತ್ತಲೇ ಆಡಬೇಕು. ದೇಶದ ಹೆಸರಾಂತ ಆಟಗಾರರ ಪಾಡೂ ಅಷ್ಟೇ.

1954ರ ವಸಂತದಲ್ಲಿ ರೋಟ್ ವೈಸ್ ಎಸ್ಸೆನ್ ದಕ್ಷಿಣ ಅಮೆರಿಕ ಪ್ರವಾಸ ಹೊರಟಿತು. ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದ ನಾಸಿಯೊನಾಲ್ ಕ್ಲಬ್ ರಾನ್‌ನ ಆಟ ನೋಡಿ ಅಲ್ಲೇ ಉಳಿಸಿಕೊಳ್ಳಲು ಆಸೆಪಟ್ಟಿತು ಎನ್ನುತ್ತಾರೆ. ವಿಶ್ವಕಪ್‌ಗೆ ಕೆಲವೇ ವಾರಗಳು ಉಳಿದಿದ್ದವು. ಜರ್ಮನ್ ತಂಡದ ತರಬೇತುದಾರ ಸೆಪ್ ಹೆರ್ಬರ್ಗರ್ ಅವರು ಕೂಡಲೇ ಮರಳಿ ಬಾ ಎಂದು ಹೇಳಿಕಳಿಸಿದರು. ರಾನ್ ಮರಳಿ ಬಂದ.

8–3ರ ಸೋಲು, ಒಂದು ಲೆಕ್ಕಾಚಾರ

1954ರ ಪಶ್ಚಿಮ ಜರ್ಮನಿ ಇನ್ನೂ ಪೂರ್ಣ ಸಾರ್ವಭೌಮ ದೇಶವಲ್ಲ. ರಾಜ್ಯ ಸ್ಥಾಪನೆಯಾಗಿ ಐದು ವರ್ಷವಾಗಿತ್ತಾದರೂ ಗೆದ್ದ ರಾಷ್ಟ್ರಗಳ ಆಕ್ರಮಿತ ಆಡಳಿತ ವಿಧ್ಯುಕ್ತವಾಗಿ ಕೊನೆಗೊಂಡದ್ದು 1955ರ ಮೇ ತಿಂಗಳಲ್ಲಿ. ಸೋವಿಯತ್ ಒಕ್ಕೂಟದ ಶಿಬಿರಗಳಲ್ಲಿ ಸಾವಿರಾರು ಜರ್ಮನ್ ಯುದ್ಧಕೈದಿಗಳು ಇನ್ನೂ ಇದ್ದರು. 1950ರ ವಿಶ್ವಕಪ್‌ಗೆ ಜರ್ಮನಿಗೆ ಪ್ರವೇಶವೇ ಸಿಕ್ಕಿರಲಿಲ್ಲ. ನಾಜಿ ಆಡಳಿತದ ಅಪರಾಧಗಳನ್ನು ಕಂಡ ಜಗತ್ತು ಜರ್ಮನರನ್ನು ನೋಡುತ್ತಿದ್ದ ದೃಷ್ಟಿ ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಆ ವಿಶ್ವಕಪ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು: ಹಂಗೇರಿ. ಪುಷ್ಕಾಶ್, ಕೊಚಿಶ್, ಹಿಡೆಗ್‌ಕುಟಿ, ಚಿಬೋರ್, ಬೊಜಿಕ್ ಇದ್ದ ಆ ತಂಡ 1950ರ ಮೇ ತಿಂಗಳಿನಿಂದ ಸೋಲು ಕಂಡಿರಲಿಲ್ಲ. 1952ರ ಒಲಿಂಪಿಕ್ ಚಿನ್ನ ಅದರದೇ. 1953ರ ನವೆಂಬರ್‌ನಲ್ಲಿ ಇಂಗ್ಲೆಂಡನ್ನು ಅದರ ಮನೆಯಂಗಳವಾದ ವೆಂಬ್ಲಿಯಲ್ಲೇ 6–3ರಿಂದ ಮಣಿಸಿತ್ತು. ಆರು ತಿಂಗಳ ಬಳಿಕ ಬುಡಾಪೆಸ್ಟ್‌ನಲ್ಲಿ 7–1ರಿಂದ.

ಜರ್ಮನಿ ಮೊದಲ ಪಂದ್ಯದಲ್ಲಿ ಟರ್ಕಿಯನ್ನು 4–1ರಿಂದ ಸೋಲಿಸಿತು. ಅಂದು ರಾನ್ ಆಡಲಿಲ್ಲ. ಬಲಬದಿಯಲ್ಲಿ ಷಾಲ್ಕೆ ಕ್ಲಬ್ಬಿನ ಬೆರ್ನಿ ಕ್ಲಾಟ್ ಆಡಿದ. ಎರಡನೇ ಪಂದ್ಯ ಹಂಗೇರಿಯ ವಿರುದ್ಧ. ಹೆರ್ಬರ್ಗರ್ ಮುಖ್ಯ ಆಟಗಾರರಲ್ಲಿ ಹಲವರನ್ನು ಕೂರಿಸಿ ಮೀಸಲು ಆಟಗಾರರನ್ನು ಇಳಿಸಿದರು. ಫಲಿತಾಂಶ 8–3ರ ಸೋಲು. ಜರ್ಮನಿಯ ಮೂರು ಗೋಲುಗಳಲ್ಲಿ ಒಂದು ರಾನ್‌ನದು. ಊರಿನಿಂದ ತರಬೇತುದಾರರಿಗೆ ಬೈಗುಳದ ಕಾಗದಗಳು ಬಂದು ಬಿದ್ದವು.

ಹೆರ್ಬರ್ಗರ್ ಅವರ ಲೆಕ್ಕ ಬೇರೆಯಿತ್ತು. ಆ ವಿಶ್ವಕಪ್‌ನ ನಿಯಮದಂತೆ ಪ್ರತಿ ಗುಂಪಿನಲ್ಲಿ ಇಬ್ಬರು ಬಲಾಢ್ಯರು, ಇಬ್ಬರು ಇತರರು. ಬಲಾಢ್ಯರು ಪರಸ್ಪರ ಆಡುವಂತಿಲ್ಲ, ಇತರರೂ ಪರಸ್ಪರ ಆಡುವಂತಿಲ್ಲ. ಈ ಗುಂಪಿನ ಬಲಾಢ್ಯರು ಹಂಗೇರಿ ಮತ್ತು ಟರ್ಕಿ. ಎರಡನೇ ಸ್ಥಾನಕ್ಕೆ ಅಂಕ ಸಮವಾದರೆ ಮತ್ತೊಂದು ಪಂದ್ಯ. ಹಂಗೇರಿಯ ಎದುರು ಸೋತರೂ ಟರ್ಕಿಯ ಎದುರು ಇನ್ನೊಂದು ಅವಕಾಶ ಇದ್ದೇ ಇತ್ತು. ಆ ಮರುಪಂದ್ಯವನ್ನು ದಣಿಯದ ಕಾಲುಗಳೊಂದಿಗೆ ಆಡಿದ ಜರ್ಮನಿ 7–2ರಿಂದ ಗೆದ್ದಿತು. ರಾನ್ ಅಂದೂ ಹೊರಗೇ.

ತಂಡ ತಂಗಿದ್ದು ಥುನ್ ಸರೋವರದ ದಂಡೆಯ ಷ್ಪೀಟ್ಸ್ ಎಂಬ ಸಣ್ಣ ಊರಿನಲ್ಲಿ. ಹೆರ್ಬರ್ಗರ್ ಅಲ್ಲಿ ಒಂದು ಜಾಣತನ ಮಾಡಿದರು. ನಾಯಕ ಫ್ರಿಟ್ಜ್ ವಾಲ್ಟರ್ ಸೂಕ್ಷ್ಮ ಸ್ವಭಾವದವನು. ಒಂದು ಸೋಲು ಅವನನ್ನು ದಿನಗಟ್ಟಲೆ ಕಾಡುತ್ತಿತ್ತು. ರಾನ್ ನಕ್ಕು ನಗಿಸುವವನು, ಒಂದು ಲೋಟ ಬಿಯರಿಗೆ ಬೇಡ ಎನ್ನದವನು, ಶಿಸ್ತಿನ ವಿಷಯದಲ್ಲಿ ಅಷ್ಟಕ್ಕಷ್ಟೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಇರಿಸಿದರು. ಒಬ್ಬನಿಗೆ ಧೈರ್ಯ ಬರಲಿ, ಇನ್ನೊಬ್ಬನಿಗೆ ಲಗಾಮು ಬೀಳಲಿ ಎಂದು.

ಕ್ವಾರ್ಟರ್ ಫೈನಲ್‌ನಲ್ಲಿ ಯುಗೊಸ್ಲಾವಿಯಾ ಎದುರಾದಾಗ ಹೆರ್ಬರ್ಗರ್ ಬಲಬದಿಗೆ ರಾನ್‌ನನ್ನು ಆರಿಸಿದರು. ಎದುರಾಳಿಯೇ ಮಾಡಿಕೊಂಡ ಸ್ವಂತ ಗೋಲಿನಿಂದ ಜರ್ಮನಿ ಮುಂದಿತ್ತು. ಆದರೆ ಪಂದ್ಯದ ಬಹುಪಾಲು ಯುಗೊಸ್ಲಾವಿಯದ್ದೇ ಒತ್ತಡ. ಕೊನೆಯ ನಿಮಿಷಗಳಲ್ಲಿ ರಾನ್ ಓಡಿಬಂದು ಹೊಡೆದ ಗೋಲು ಉಸಿರು ಬಿಡುವಂತೆ ಮಾಡಿತು, 2–0. ಸೆಮಿಫೈನಲ್‌ನಲ್ಲಿ ಆಸ್ಟ್ರಿಯದ ವಿರುದ್ಧ 6–1ರ ಗೆಲುವು. ಎಂಟು ಗೋಲು ಬಿಟ್ಟುಕೊಟ್ಟಿದ್ದ ತಂಡ ಅದೇ ಹಂಗೇರಿಯ ಎದುರು ಫೈನಲ್‌ಗೆ ಬಂದು ನಿಂತಿತು.

ಮಳೆಯ ಸಂಜೆ

ಬರ್ನ್‌ನ ವಾಂಕ್‌ಡಾರ್ಫ್ ಕ್ರೀಡಾಂಗಣದಲ್ಲಿ ಅಂದು ಸುಮಾರು 60 ಸಾವಿರ ಜನ. ಮಳೆ ಬಿಡದೆ ಸುರಿಯುತ್ತಿತ್ತು. ಸೈನಿಕನಾಗಿದ್ದಾಗ ಮಲೇರಿಯಾ ತಗುಲಿದ್ದ ಫ್ರಿಟ್ಜ್ ವಾಲ್ಟರ್‌ಗೆ ಬಿಸಿಲು ಆಗಿಬರುತ್ತಿರಲಿಲ್ಲ, ಮಳೆ ಬಂದರೆ ಆಟ ಕಳೆಗಟ್ಟುತ್ತಿತ್ತು. ಜರ್ಮನರು ಈಗಲೂ ಜಿಟಿಜಿಟಿ ಮಳೆಯನ್ನು ‘ಫ್ರಿಟ್ಜ್ ವಾಲ್ಟರ್ ಹವೆ’ ಎನ್ನುತ್ತಾರೆ. ಜೊತೆಗೆ ಆಡಿ ಡಾಸ್‌ಲರ್ ಎಂಬ ಬೂಟು ತಯಾರಕನ ನೆರವಿತ್ತು. ಅಡಿಡಾಸ್ ಕಂಪನಿಯ ಸ್ಥಾಪಕ ಆತ. ಅವನ ಬೂಟುಗಳ ಅಡಿಯ ಗುಬುಟುಗಳನ್ನು ತಿರುಪಿನಂತೆ ಬಿಚ್ಚಿ ಬೇರೆ ಹಾಕಬಹುದಾಗಿತ್ತು. ಕೆಸರಿಗೆ ತಕ್ಕಂತೆ ಉದ್ದನೆಯವನ್ನು ಹಾಕಿಕೊಂಡ ಜರ್ಮನರಿಗೆ ನೆಲದ ಹಿಡಿತ ಸಿಕ್ಕಿತು.

ಆದರೂ ಎಂಟು ನಿಮಿಷದಲ್ಲಿ ಎಲ್ಲ ಮುಗಿದಂತೆ ಕಂಡಿತು. ಗುಂಪಿನ ಪಂದ್ಯದಲ್ಲಿ ಜರ್ಮನ್ ಆಟಗಾರನೊಬ್ಬನ ಒದೆತದಿಂದ ಕಣಕಾಲಿಗೆ ಗಾಯವಾಗಿದ್ದ ಪುಷ್ಕಾಶ್, ಪೂರ್ತಿ ಗುಣವಾಗದೆಯೇ ಆಡಲಿಳಿದು ಆರನೇ ನಿಮಿಷದಲ್ಲಿ ಗೋಲು ಹೊಡೆದ. ಎಂಟನೇ ನಿಮಿಷದಲ್ಲಿ ಚಿಬೋರ್ ಇನ್ನೊಂದು. ಹತ್ತನೇ ನಿಮಿಷದಲ್ಲಿ ಮ್ಯಾಕ್ಸ್ ಮೊರ್ಲಾಕ್ ಒಂದನ್ನು ಮರಳಿಸಿದ. 18ನೇ ನಿಮಿಷದಲ್ಲಿ ಫ್ರಿಟ್ಜ್ ವಾಲ್ಟರ್‌ನ ಕಾರ್ನರ್ ಕಿಕ್ ಎಲ್ಲರನ್ನೂ ದಾಟಿ ದೂರದ ಕಂಬದ ಕಡೆ ಬಂದಾಗ ಅಲ್ಲಿ ರಾನ್ ಇದ್ದ. 2–2. ಗೋಲ್‌ಕೀಪರ್ ಗ್ರೊಶಿಚ್‌ನಿಗೆ ಜರ್ಮನಿಯ ಹಾನ್ಸ್ ಶೇಫರ್ ಅಡ್ಡಬಂದ ಎಂದು ಹಂಗೇರಿಯವರು ಬಹುಕಾಲ ದೂರಿದರು.

ಅಲ್ಲಿಂದ ಮುಂದೆ ಒಂದು ಗಂಟೆಗೂ ಹೆಚ್ಚು ಕಾಲ ಹಂಗೇರಿ ದಾಳಿ ಮಾಡುತ್ತಲೇ ಇತ್ತು. ಚೆಂಡು ಗೋಲುಕಂಬಕ್ಕೆ ಬಡಿಯಿತು, ಗೋಲ್‌ಕೀಪರ್ ಟೋನಿ ಟುರೆಕ್ ಒಂದರ ಮೇಲೊಂದು ಹೊಡೆತ ತಡೆದ.

84ನೇ ನಿಮಿಷ. ಶೇಫರ್ ಎಡಬದಿಯಿಂದ ಚೆಂಡನ್ನು ನಡುವಿಗೆ ಎತ್ತಿಕೊಟ್ಟ. ಹಂಗೇರಿಯ ರಕ್ಷಕ ತಲೆಯಿಂದ ಹೊರಗಟ್ಟಿದ ಚೆಂಡು ಪೆನಾಲ್ಟಿ ಚೌಕದ ಅಂಚಿನಲ್ಲಿದ್ದ ರಾನ್‌ನ ಬಳಿಗೆ ಬಂತು. ಬಲಗಾಲಿನಲ್ಲಿ ಹೊಡೆಯುವಂತೆ ತೋರಿಸಿದ. ರಕ್ಷಕರು ಆ ಕಡೆ ವಾಲಿದರು. ಚೆಂಡನ್ನು ಎಡಕ್ಕೆ ಎಳೆದುಕೊಂಡು ಎಡಗಾಲಿನಿಂದ ನೆಲಮಟ್ಟದಲ್ಲಿ ಹೊಡೆದ. ಅದು ಗ್ರೊಶಿಚ್‌ನ ಬಲಗಡೆಯ ಮೂಲೆಗೆ ಹೋಗಿ ಸೇರಿತು. ವಿಂಗರ್ ಒಬ್ಬ ತನ್ನ ಗೆರೆಯ ಬಳಿಯೇ ಇದ್ದಿದ್ದರೆ ಆ ಗೋಲು ಆಗುತ್ತಿರಲಿಲ್ಲ. ಸ್ವಾರ್ಥಿ ಎಂಬ ಬೈಗುಳ ತಂದಿದ್ದ ಅಭ್ಯಾಸವೇ ಅಂದು ಕೆಲಸಕ್ಕೆ ಬಂತು.

ಎರಡು ನಿಮಿಷಗಳ ಬಳಿಕ ಪುಷ್ಕಾಶ್ ಮತ್ತೆ ಚೆಂಡನ್ನು ಬಲೆಗೆ ತಳ್ಳಿದ. ವೇಲ್ಸ್‌ನ ಲೈನ್ಸ್‌ಮನ್ ಗ್ರಿಫಿತ್ಸ್ ಬಾವುಟ ಎತ್ತಿದ್ದರು. ಇಂಗ್ಲೆಂಡಿನ ರೆಫರಿ ಲಿಂಗ್ ಆಫ್‌ಸೈಡ್ ಎಂದು ಗೋಲನ್ನು ತಳ್ಳಿಹಾಕಿದರು. ಆ ತೀರ್ಪಿನ ಬಗ್ಗೆ ಚರ್ಚೆ ಇಂದಿಗೂ ನಿಂತಿಲ್ಲ.

‘ಮತ್ತೆ ನಾವೂ ಮನುಷ್ಯರು’

ಜರ್ಮನಿಯಲ್ಲಿ ಆಗ ಟೆಲಿವಿಷನ್ ಇದ್ದ ಮನೆಗಳು ತೀರಾ ಕಡಿಮೆ. ಜನ ಅಂಗಡಿಗಳ ಕಿಟಕಿಯ ಮುಂದೆ, ಹೋಟೆಲು–ಬಿಯರ್ ಅಂಗಡಿಗಳಲ್ಲಿ ಒತ್ತೊತ್ತಾಗಿ ನಿಂತು ನೋಡಿದರು. ಉಳಿದವರು ರೇಡಿಯೊಗೆ ಕಿವಿಗೊಟ್ಟಿದ್ದರು. ಗಡಿಯಾಚೆಯ ಪೂರ್ವ ಜರ್ಮನಿಯ ಸರ್ಕಾರಕ್ಕೆ ಹಂಗೇರಿ ಸಮಾಜವಾದಿ ಮಿತ್ರದೇಶ. ಆದರೆ ಅಲ್ಲಿನ ಮನೆಗಳಲ್ಲೂ ರೇಡಿಯೊಗಳು ಅದೇ ಪಂದ್ಯಕ್ಕೆ ತೆರೆದಿದ್ದವು. ಮರುದಿನ ತಂಡವನ್ನು ಹೊತ್ತ ವಿಶೇಷ ರೈಲು ಗಡಿ ದಾಟಿ ಮ್ಯೂನಿಕ್ ಕಡೆಗೆ ಹೊರಟಾಗ ನಿಲ್ದಾಣ ನಿಲ್ದಾಣಗಳಲ್ಲಿ ಜನ ಹಳಿಗಳ ಮೇಲೇ ಇಳಿದು ನಿಂತಿದ್ದರು.

‘ಮತ್ತೆ ನಾವೂ ಮನುಷ್ಯರು’ ಎಂಬ ಭಾವನೆಗೆ ಜರ್ಮನರು ಕೊಟ್ಟ ಹೆಸರು ‘ಬರ್ನ್‌ನ ಪವಾಡ’. ಪಶ್ಚಿಮ ಜರ್ಮನಿ ಕಾಗದದ ಮೇಲೆ ಹುಟ್ಟಿದ್ದು 1949ರಲ್ಲಾದರೂ ಮನಸ್ಸಿನಲ್ಲಿ ಹುಟ್ಟಿದ್ದು ಅಂದು ಎಂದು ಬರೆದವರಿದ್ದಾರೆ. ಇದರಲ್ಲಿ ಉತ್ಪ್ರೇಕ್ಷೆ ಇಲ್ಲದಿಲ್ಲ. ಆ ಗೆಲುವನ್ನು ರಾಷ್ಟ್ರದ ಹುಟ್ಟು ಎಂದು ಓದುವ ಕ್ರಮ ಬೆಳೆದದ್ದು ದಶಕಗಳ ನಂತರ. 1954ರಲ್ಲಿ ಆ ಸಂತೋಷದ ಜೊತೆಗೇ ಒಂದು ಅಳುಕೂ ಇತ್ತು. ಕ್ರೀಡಾಂಗಣದಲ್ಲಿದ್ದ ಜರ್ಮನ್ ಪ್ರೇಕ್ಷಕರು ರಾಷ್ಟ್ರಗೀತೆಯ ಮೂರನೇ ಚರಣದ ಬದಲು, ನಾಜಿ ಕಾಲದ ನೆನಪು ತರುವ ಮೊದಲ ಚರಣವನ್ನೇ ಹಾಡಿದ್ದರು. ಮ್ಯೂನಿಕ್‌ನ ಸನ್ಮಾನ ಸಭೆಯಲ್ಲಿ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷ ಪೇಕೊ ಬೌವೆನ್ಸ್ ಮಾಡಿದ ಭಾಷಣದಲ್ಲಿ ಹಳೆಯ ರಾಷ್ಟ್ರೀಯವಾದದ ದನಿ ಎಷ್ಟು ಜೋರಾಗಿತ್ತೆಂದರೆ ರೇಡಿಯೊ ಪ್ರಸಾರವನ್ನೇ ನಡುವೆ ನಿಲ್ಲಿಸಲಾಯಿತು. ಎರಡು ವಾರಗಳ ಬಳಿಕ ಬರ್ಲಿನ್ ಒಲಿಂಪಿಕ್ ಕ್ರೀಡಾಂಗಣದಲ್ಲಿ ತಂಡವನ್ನು ಗೌರವಿಸಿದ ರಾಷ್ಟ್ರಾಧ್ಯಕ್ಷ ಥಿಯೊಡೋರ್ ಹೋಯ್ಸ್ ಅವರು ಆಟವನ್ನು ಆಟವಾಗಿಯೇ ನೋಡಬೇಕೆಂದು ಮೆತ್ತಗೆ ತಿದ್ದಿದರು.

ಇಂಥ ಹೊತ್ತಿನಲ್ಲಿ ರಾನ್‌ನಂಥವನು ಜನಕ್ಕೆ ಪ್ರಿಯನಾದದ್ದು ಸಹಜ. ಸಮವಸ್ತ್ರವಿಲ್ಲದ, ಭಾಷಣ ಬಾರದ, ಗಣಿ ಕೇರಿಯ ಭಾಷೆ ಆಡುವ, ತಮಾಷೆಯ ಮನುಷ್ಯ. ಅವನನ್ನು ನೋಡಿ ಯಾರೂ ಹೆದರಬೇಕಿರಲಿಲ್ಲ. ಯುದ್ಧದ ವೀರರಿಂದ ಬೇಸತ್ತ ದೇಶಕ್ಕೆ ಅಂಥ ವೀರನೇ ಬೇಕಿತ್ತು.

ಪವಾಡದ ಮೇಲೆ ಆಮೇಲೆ ನೆರಳೂ ಬಿತ್ತು. ಕೆಲವೇ ತಿಂಗಳಲ್ಲಿ ತಂಡದ ಹಲವರಿಗೆ ಕಾಮಾಲೆ ತಗುಲಿತು. ವಿಶ್ವಕಪ್ ವೇಳೆ ಕೊಟ್ಟ ಚುಚ್ಚುಮದ್ದಿನ ಸೂಜಿಗಳ ಮೇಲೆ ಅನುಮಾನ ಹೋಯಿತು. ಅದು ವಿಟಮಿನ್ ಸಿ ಎಂದು ತಂಡದ ವೈದ್ಯರು ಹೇಳಿದರು. ಅದು ಯುದ್ಧಕಾಲದಲ್ಲಿ ಸೈನಿಕರು ನುಂಗುತ್ತಿದ್ದ ಪರ್ವಿಟಿನ್ ಎಂಬ ಉತ್ತೇಜಕವಿರಬಹುದು ಎಂದು ಈ ಶತಮಾನದಲ್ಲಿ ಕೆಲವು ಜರ್ಮನ್ ಸಂಶೋಧಕರು ಶಂಕಿಸಿದರು. ಶಂಕೆ ಸಾಬೀತಾಗಿಲ್ಲ.

ಸೋತವರ ಪಾಡು

ಚೆಂಡು ಹೋಗಿ ಬಿದ್ದ ಕಡೆಯ ಕಥೆಯನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಸೋಲಿನ ಸುದ್ದಿ ತಲುಪಿದ ರಾತ್ರಿ ಬುಡಾಪೆಸ್ಟ್‌ನ ಬೀದಿಗಳಲ್ಲಿ ಜನ ಗಲಭೆ ಎಬ್ಬಿಸಿದರು. ಆ ಸರ್ವಾಧಿಕಾರದಡಿ ಅಷ್ಟು ಜನ ಬೀದಿಗಿಳಿದು ಸಿಟ್ಟು ತೋರಿದ್ದು ಅಪರೂಪ. ಗೋಲ್‌ಕೀಪರ್ ಗ್ರೊಶಿಚ್ ಆಡಳಿತದ ಕಣ್ಣಿಗೆ ಗುರಿಯಾದ. ವಿಚಾರಣೆ ಎದುರಿಸಿದ, ಕೊನೆಗೆ ರಾಜಧಾನಿಯಿಂದ ದೂರದ ಗಣಿ ಊರಾದ ತತಾಬಾನ್ಯದ ತಂಡಕ್ಕೆ ಎತ್ತಂಗಡಿಯಾದ. 1956ರ ದಂಗೆಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ ಬಳಿಕ ಪುಷ್ಕಾಶ್, ಕೊಚಿಶ್, ಚಿಬೋರ್ ದೇಶಕ್ಕೆ ಹಿಂದಿರುಗಲಿಲ್ಲ. ಆ ಕಾಲದ ಅತ್ಯುತ್ತಮ ತಂಡ ವಿಶ್ವಕಪ್ ಗೆಲ್ಲದೆಯೇ ಚೆದುರಿಹೋಯಿತು.

ಬಿದ್ದದ್ದು, ಎದ್ದದ್ದು

ರಾನ್‌ನ ಆಟ ಬರ್ನ್‌ಗೆ ಮುಗಿಯಲಿಲ್ಲ. 1955ರಲ್ಲಿ ರೋಟ್ ವೈಸ್ ಎಸ್ಸೆನ್, ಫ್ರಿಟ್ಜ್ ವಾಲ್ಟರ್‌ನ ಕೈಸರ್ಸ್‌ಲೌಟರ್ನ್ ತಂಡವನ್ನು 4–3ರಿಂದ ಸೋಲಿಸಿ ಜರ್ಮನ್ ಚಾಂಪಿಯನ್ ಆಯಿತು. ಅದೇ ವರ್ಷ ಶುರುವಾದ ಯುರೋಪಿಯನ್ ಕಪ್‌ನಲ್ಲಿ ಪಶ್ಚಿಮ ಜರ್ಮನಿಯನ್ನು ಪ್ರತಿನಿಧಿಸಿದ್ದೂ ಆ ಕ್ಲಬ್ಬೇ.

ಆದರೆ ಮೈದಾನದ ಹೊರಗೆ ಕಾಲು ಜಾರತೊಡಗಿತ್ತು. ಹೋದಲ್ಲೆಲ್ಲ ಜನ ಮುತ್ತುತ್ತಿದ್ದರು, ಹೋದಲ್ಲೆಲ್ಲ ಯಾರಾದರೊಬ್ಬರು ಒಂದು ಲೋಟ ತರಿಸುತ್ತಿದ್ದರು. ಬೇಡ ಎನ್ನುವುದು ಆತನ ಸ್ವಭಾವವಲ್ಲ. 1957ರಲ್ಲಿ ಕುಡಿದು ಕಾರು ಓಡಿಸಿ, ಕಟ್ಟಡಕ್ಕೆಂದು ತೋಡಿದ್ದ ಗುಂಡಿಗೆ ಇಳಿಸಿದ, ಜೈಲುವಾಸವನ್ನೂ ಅನುಭವಿಸಿದ. ಮೂರು ವರ್ಷದ ಹಿಂದೆ ದೇಶವೇ ಹೊತ್ತು ಮೆರೆಸಿದವನನ್ನು ಪತ್ರಿಕೆಗಳು ಈಗ ಬೇರೆ ರೀತಿಯಲ್ಲಿ ಬರೆದವು. ಮೈಯೂ ದಪ್ಪವಾಗಿತ್ತು.

ಕೈಬಿಡದವರು ಹೆರ್ಬರ್ಗರ್ ಒಬ್ಬರೇ ಎನ್ನಬಹುದು. ತೂಕ ಇಳಿಸು, ಕುಡಿತ ಕಡಿಮೆ ಮಾಡು, 1958ರ ವಿಶ್ವಕಪ್‌ಗೆ ನೀನು ಬೇಕು ಎಂದು ಅವರು ಬೆನ್ನು ಹತ್ತಿದರು. ಸ್ವೀಡನ್‌ನಲ್ಲಿ ಆಡಿದ ರಾನ್ ಹಲವರ ದೃಷ್ಟಿಯಲ್ಲಿ 1954ಕ್ಕಿಂತ ಉತ್ತಮ ಆಟಗಾರ. ಅರ್ಜೆಂಟೀನಾ ವಿರುದ್ಧ ಎರಡು, ಚೆಕೊಸ್ಲೊವಾಕಿಯ, ಉತ್ತರ ಐರ್ಲೆಂಡ್, ಯುಗೊಸ್ಲಾವಿಯ ಮತ್ತು ಫ್ರಾನ್ಸ್ ವಿರುದ್ಧ ಒಂದೊಂದು, ಹೀಗೆ ಆರು ಗೋಲು ಹೊಡೆದ. ಆ ವಿಶ್ವಕಪ್‌ನಲ್ಲಿ 13 ಗೋಲು ಹೊಡೆದ ಫ್ರಾನ್ಸಿನ ಫಾಂಟೇನ್‌ನನ್ನು ಬಿಟ್ಟರೆ ಮುಂದಿನ ಸ್ಥಾನ ಇಬ್ಬರದು, ಆರು ಆರು ಗೋಲುಗಳೊಂದಿಗೆ. ಒಬ್ಬ ರಾನ್, ಇನ್ನೊಬ್ಬ ಬ್ರೆಜಿಲ್‌ನ 17 ವರ್ಷದ ಹುಡುಗ ಪೆಲೆ. ಜರ್ಮನಿ ನಾಲ್ಕನೇ ಸ್ಥಾನಕ್ಕೆ ನಿಂತಿತು. ರಾನ್‌ನ ಈ ಆರು ಗೋಲುಗಳನ್ನು ಮಾತ್ರ ಅಷ್ಟಾಗಿ ಯಾರೂ ನೆನೆಯುವುದಿಲ್ಲ.

1959ರಲ್ಲಿ ಆತ ಕೋಲ್ನ್ ಕ್ಲಬ್ಬಿಗೆ ಹೋದ. 1960ರಲ್ಲಿ ರಾಷ್ಟ್ರೀಯ ತಂಡದ ಪರ ಕೊನೆಯ ಪಂದ್ಯ ಆಡಿದ. ಒಟ್ಟು 40 ಪಂದ್ಯ, 21 ಗೋಲು. ಅದೇ ವರ್ಷ ವೃತ್ತಿಪರ ಫುಟ್‌ಬಾಲ್‌ಗೆ ಅವಕಾಶವಿದ್ದ ನೆದರ್‌ಲೆಂಡ್ಸ್‌ನ ಎನ್‌ಸ್ಕೆಡೆ ಕ್ಲಬ್ ಸೇರಿದ. ಜರ್ಮನಿಯಲ್ಲಿ ಬುಂಡೆಸ್‌ಲೀಗಾ ಎಂಬ ರಾಷ್ಟ್ರಮಟ್ಟದ ಲೀಗ್ ಶುರುವಾದದ್ದು 1963ರಲ್ಲಿ. ಆಗ ರಾನ್‌ಗೆ 34. ಊರಿಗೆ ಮರಳಿ ಮೈಡರಿಖ್ ಕ್ಲಬ್ ಪರ ಆಡಿದ. ಮೊದಲ ವರ್ಷವೇ ಆ ತಂಡ ಎಲ್ಲರಿಗೂ ಅಚ್ಚರಿಯಾಗುವಂತೆ ಎರಡನೇ ಸ್ಥಾನ ಪಡೆಯಿತು. ಬುಂಡೆಸ್‌ಲೀಗಾದ ಇತಿಹಾಸದಲ್ಲಿ ಮೈದಾನದಿಂದ ಹೊರಗಟ್ಟಿಸಿಕೊಂಡ ಮೊದಲ ಆಟಗಾರ ಎಂಬ ದಾಖಲೆಯೂ ಆತನದೇ. 19 ಪಂದ್ಯಗಳಲ್ಲಿ 8 ಗೋಲು ಹೊಡೆದು, ಹಿಮ್ಮಡಿ ನರದ ಗಾಯದಿಂದಾಗಿ 1965ರಲ್ಲಿ ಬೂಟು ಕಳಚಿಟ್ಟ. ಆಟಗಾರರು ಕೈತುಂಬ ಸಂಪಾದಿಸುವ ಕಾಲ ಆಗಷ್ಟೇ ಬಾಗಿಲು ತೆರೆಯುತ್ತಿತ್ತು.

ಗೋಲಿನ ಕಥೆ ಹೇಳು

ಆಮೇಲೆ ರಾನ್ ಎಸ್ಸೆನ್‌ನಲ್ಲಿ ಅಣ್ಣತಮ್ಮಂದಿರ ಜೊತೆ ಸೇರಿ ಹಳೆಯ ಕಾರುಗಳ ವ್ಯಾಪಾರ ಮಾಡಿದ. ಸಂಜೆ ತನ್ನ ಬಡಾವಣೆಯ ಬಿಯರ್ ಅಂಗಡಿಯಲ್ಲಿ ಕುಳಿತರೆ ಯಾರಾದರೂ ಕೇಳಿಯೇ ಕೇಳುತ್ತಿದ್ದರು, ‘ಹೆಲ್ಮುಟ್, ಆ ಗೋಲಿನ ಕಥೆ ಹೇಳೋ’ ಎಂದು. ಈ ಮಾತು ಆ ಸೀಮೆಯಲ್ಲಿ ಗಾದೆಯಂತಾಗಿಬಿಟ್ಟಿತು. ಮೊದಮೊದಲು ಆತ ಖುಷಿಯಿಂದಲೇ ಹೇಳುತ್ತಿದ್ದ. ವರ್ಷಗಳು ಕಳೆದಂತೆ ಹೇಳುವವನಿಗೆ ಸಾಕಾಯಿತು, ಕೇಳುವವರಿಗೆ ಸಾಕಾಗಲಿಲ್ಲ. ಸಂದರ್ಶನಗಳನ್ನು ನಿರಾಕರಿಸತೊಡಗಿದ. ಸಮಾರಂಭಗಳಿಗೂ ಹೋಗುವುದನ್ನು ಬಿಟ್ಟ. ಪತ್ರಕರ್ತರು ಎಸ್ಸೆನ್‌ಗೆ ಬಂದು ಬರಿಗೈಯಲ್ಲಿ ಹಿಂದಿರುಗಿದರು.

ಇದನ್ನು ದುರಂತ ಎಂದು ಬರೆಯುವುದು ಸುಲಭ. ಬರ್ನ್‌ನ ಹನ್ನೊಂದು ಮಂದಿಯಲ್ಲಿ ನಿಜವಾದ ದುರಂತ ಕಂಡವರು ಬೇರೆ ಇದ್ದಾರೆ. ಯುಗೊಸ್ಲಾವಿಯ ವಿರುದ್ಧ ಗೋಲುಗೆರೆಯ ಮೇಲೆ ನಿಂತು ಚೆಂಡು ತಡೆದಿದ್ದ ರಕ್ಷಕ ವೆರ್ನರ್ ಕೋಲ್‌ಮೈಯರ್ ಕುಡಿತಕ್ಕೆ ಸಿಕ್ಕಿ, ಕೆಲಸ–ಸಂಸಾರ ಕಳೆದುಕೊಂಡು 1974ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡ. ರಾನ್ ಹಾಗಾಗಲಿಲ್ಲ. ಆತ ದುಡಿದು ತಿಂದ, ಸಂಸಾರ ನಡೆಸಿದ, ಹುಟ್ಟಿದ ಊರಿನಲ್ಲೇ ಬದುಕಿದ. ತನ್ನನ್ನು ಸ್ಮಾರಕವಾಗಿ ನೋಡುವವರಿಂದ ದೂರ ಉಳಿದು ಮನುಷ್ಯನಾಗಿ ಇರಲು ಬಯಸಿದ. ಇಪ್ಪತ್ತೈದು ವರ್ಷಕ್ಕೆ ಕೂಡ ಒಂದೂವರೆ ತಿಂಗಳು ಬಾಕಿಯಿದ್ದಾಗ ಹೊಡೆದ ಒಂದು ಹೊಡೆತದ ಬಗ್ಗೆಯೇ ಜೀವಮಾನವಿಡೀ ಮಾತಾಡಬೇಕೆಂದರೆ ಯಾರಿಗಾದರೂ ಸಾಕಾಗದೆ ಇದ್ದೀತೆ? ಆತನ ಮೌನವನ್ನು ಸೊಕ್ಕು ಎಂದವರೂ ಇದ್ದರು. ತನ್ನ ಬದುಕಿನ ಉಳಿದ ನಿಮಿಷಗಳೂ ತನ್ನವೇ ಎಂಬ ಹಟ ಎಂದೂ ಅದನ್ನು ತಿಳಿಯಬಹುದು.

2003ರ ಆಗಸ್ಟ್ 14ರಂದು, 74 ತುಂಬಲು ಎರಡು ದಿನ ಇರುವಾಗ, ರಾನ್ ಎಸ್ಸೆನ್‌ನಲ್ಲಿ ನಿಧನನಾದ. ಎರಡು ತಿಂಗಳ ಬಳಿಕ ಸೋನ್ಕೆ ವೋರ್ಟ್‌ಮನ್ ನಿರ್ದೇಶನದ ‘ಬರ್ನ್‌ನ ಪವಾಡ’ ಚಲನಚಿತ್ರ ಜರ್ಮನಿಯ ಚಿತ್ರಮಂದಿರಗಳಿಗೆ ಬಂತು. ಸೋವಿಯತ್ ಸೆರೆಯಿಂದ ಮರಳಿದ ತಂದೆ, ಅವನನ್ನು ಗುರುತಿಸಲಾರದ ಮಗ, ಆ ಹುಡುಗ ತಂದೆಯ ಜಾಗದಲ್ಲಿ ಇಟ್ಟುಕೊಂಡಿದ್ದ ರಾನ್: ಇದು ಅದರ ಕಥೆ. ಚಿತ್ರದಲ್ಲಿ ಹುಡುಗ ರಾನ್‌ನ ಚೀಲ ಹೊರುತ್ತಾನೆ. ಬರ್ನ್‌ಗೆ ಹೋಗುವ ದಾರಿಯಲ್ಲಿ ತಂದೆ ಮಗ ಮತ್ತೆ ಒಂದಾಗುತ್ತಾರೆ. ಲಕ್ಷಾಂತರ ಜನ ನೋಡಿ ಅತ್ತರು. ನಿಜವಾದ ರಾನ್ ಅದನ್ನು ನೋಡಲು ಇರಲಿಲ್ಲ.

2004ರಲ್ಲಿ, ಆ ಗೆಲುವಿಗೆ 50 ತುಂಬಿದಾಗ, ಎಸ್ಸೆನ್‌ನ ಕ್ರೀಡಾಂಗಣದ ಬಳಿ ಆತನ ಪ್ರತಿಮೆ ನಿಲ್ಲಿಸಿದರು. ಬರ್ನ್‌ನ ಹಳೆಯ ವಾಂಕ್‌ಡಾರ್ಫ್ ಕ್ರೀಡಾಂಗಣವನ್ನು ಅದಕ್ಕೆ ಮೊದಲೇ, 2001ರಲ್ಲಿ, ಕೆಡವಲಾಗಿತ್ತು. ಫೈನಲ್ ಆಡಿದ ಹನ್ನೊಂದು ಜರ್ಮನರಲ್ಲಿ ಕೊನೆಯವನಾದ ಹೋರ್ಸ್ಟ್ ಎಕೆಲ್ 2021ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಆ ಪಂದ್ಯವನ್ನು ತನ್ನ ಕಾಲಿನಿಂದ ಬಲ್ಲ ಜರ್ಮನ್ ಆಟಗಾರ ಈಗ ಒಬ್ಬನೂ ಉಳಿದಿಲ್ಲ. ಉಳಿದಿರುವುದು ಜಿಮ್ಮರ್‌ಮನ್‌ನ ಧ್ವನಿ. ಆ ಮುದ್ರಿಕೆಯಲ್ಲಿ ರಾನ್ ಇನ್ನೂ ಪೆನಾಲ್ಟಿ ಚೌಕದ ಅಂಚಿನಲ್ಲಿದ್ದಾನೆ, ಹೊಡೆಯಬೇಕು ಎಂದು ಇಡೀ ದೇಶ ಕಾಯುತ್ತಿದೆ. ಕೇಳುವವರು ಅದನ್ನು ಮುಂದೆಯೂ ಕೇಳಲಿ. ಜೊತೆಗೆ ಸ್ವೀಡನ್‌ನ ಆರು ಗೋಲುಗಳನ್ನೂ ಒಮ್ಮೆ ನೆನೆದರೆ, ಆ ವಿಂಗರ್‌ಗೆ ಸಲ್ಲಬೇಕಾದ ಬಾಕಿ ಸ್ವಲ್ಪವಾದರೂ ಸಂದಂತಾಗುತ್ತದೆ.